ಎಷ್ಟು ಎಳೆಯುತ್ತದೆ ಅಂತಲ್ಲ, ಹೇಗೆ ಬಿಡುತ್ತದೆ ಅಂತ ಕೇಳಿ: ಸಿಮ್ ರಿಗ್‌ಗೆ ಬೆಲ್ಟ್ ಟೆನ್ಷನರ್ ಕಟ್ಟುವವರಿಗೆ ಮೋಟಾರ್ ಆಯ್ಕೆ

ಬೆಲ್ಟ್ ಟೆನ್ಷನರ್ ಕಟ್ಟೋಣ ಅಂತ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಕೆ.ಜಿ. ಎಳೆಯುತ್ತದೆ? ನಾನೂ ಅದನ್ನೇ ಕೇಳಿಕೊಂಡು ಶುರು ಮಾಡಿದ್ದೆ. ಬೆಂಗಳೂರಿನ ಮನೆಯ ಒಂದು ಸಣ್ಣ ರೂಮಿನಲ್ಲಿ ಕಾರ್ ರೇಸಿಂಗ್ ಆಟಕ್ಕೆ ಸೀಟು, ಸ್ಟೀರಿಂಗ್, ಪೆಡಲ್ ಜೋಡಿಸಿದ ರಿಗ್ ಇಟ್ಟುಕೊಂಡು, ಮೂರು ಬಗೆಯ ಮೋಟಾರ್ ಹಾಕಿ ನೋಡಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಎಳೆಯುವ ಮೋಟಾರ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹದವಾಗಿ ಬಿಡುವ ಮೋಟಾರ್ ಸಿಗುವುದು ಕಷ್ಟ.

ಬೆಲ್ಟ್ ಟೆನ್ಷನರ್ ಏನು ಮಾಡುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ನಿಜವಾದ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಬೆಲ್ಟ್ ನಮ್ಮನ್ನು ಎಳೆಯುವುದಿಲ್ಲ. ನಮ್ಮ ಮೈ ಮುಂದಕ್ಕೆ ಹೋಗುತ್ತದೆ, ಬೆಲ್ಟ್ ತಡೆಯುತ್ತದೆ. ಮನೆಯ ರಿಗ್‌ನಲ್ಲಿ ಮೈ ಮುಂದಕ್ಕೆ ಹೋಗುವ ಮಾತೇ ಇಲ್ಲ. ಹಾಗಾಗಿ ಸೀಟಿನ ಹಿಂದೆ ಮೋಟಾರ್ ಇಟ್ಟು, ಆಟದಲ್ಲಿ ಬ್ರೇಕ್ ಬಿದ್ದಾಗಲೆಲ್ಲ ಹೆಗಲ ಬೆಲ್ಟನ್ನು ಹಿಂದಕ್ಕೆ ಎಳೆಯುತ್ತೇವೆ. ಉಲ್ಟಾ ಕೆಲಸವೇ. ಆದರೂ ಹೆಗಲಿಗೂ ಎದೆಗೂ ಬೀಳುವ ಒತ್ತಡ ಒಂದೇ ಥರ, ಮೆದುಳು ನಂಬಿಬಿಡುತ್ತದೆ. ಮೊದಲ ಸಲ ಕೂತವರು ತಾವೇ ಮುಂದಕ್ಕೆ ವಾಲಿದೆವು ಅಂತ ಆಣೆ ಮಾಡಿ ಹೇಳುತ್ತಾರೆ.

ನಿಮ್ಮ ಬ್ರೇಕ್ ಪೆಡಲ್ ಇನ್ನೂ ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್) ಇರುವಂಥದ್ದು ಅಲ್ಲದಿದ್ದರೆ ಮೊದಲು ಆ ಖರ್ಚು ಮಾಡಿ. ಕಾಲಿಗೆ ಸಿಗದ ಮಾಹಿತಿಯನ್ನು ಹೆಗಲಿಗೆ ಕೊಟ್ಟು ಏನೂ ಪ್ರಯೋಜನವಿಲ್ಲ.

ಬಲದ ಲೆಕ್ಕ

ಒಳ್ಳೆಯ ಟೈರಿನ ರಸ್ತೆ ಕಾರು ಜೋರಾಗಿ ಬ್ರೇಕ್ ಹಾಕಿದರೆ ಸುಮಾರು 1 ಜಿ, ಅಂದರೆ ಗುರುತ್ವಾಕರ್ಷಣೆಯಷ್ಟೇ ಜೋರು. ಫಾರ್ಮುಲಾ ಒನ್ ಕಾರು 5 ಜಿ ಹತ್ತಿರ ಹೋಗುತ್ತದೆ. ಹೆಗಲು, ತಲೆ, ಎದೆ ಎಲ್ಲ ಸೇರಿ 40 ಕೆ.ಜಿ. ಅಂದುಕೊಂಡರೆ ಬರೀ 1 ಜಿಗೇ 40 ಕೆ.ಜಿ. ತೂಕದಷ್ಟು ಬಲ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಬೇಕಾಗಿಯೂ ಇಲ್ಲ. ಮೈಗೆ ಗೊತ್ತಾಗುವುದು ಒತ್ತಡದ ಏರಿಳಿತ, ಒಟ್ಟು ತೂಕ ಅಲ್ಲ.

ನನ್ನ ಅನುಭವದಲ್ಲಿ ಒಂದು ಬೆಲ್ಟಿಗೆ 1ರಿಂದ 2 ಕೆ.ಜಿ. ಸದಾ ಇರುವ ಬಿಗಿ, ಅದರ ಮೇಲೆ 8ರಿಂದ 10 ಕೆ.ಜಿ. ತನಕ ಎಳೆತ ಸಾಕು. 10 ಕೆ.ಜಿ. ಅಕ್ಕಿ ಚೀಲವನ್ನು ಎರಡೂ ಹೆಗಲಿಗೆ ಒಂದೊಂದು ನೇತುಹಾಕಿಕೊಂಡು ನೋಡಿ. ಒಂದು ಗಂಟೆಯ ರೇಸಿನಲ್ಲಿ ಇದು ಪ್ರತಿ ತಿರುವಿಗೂ ಬರುತ್ತದೆ. ಯಾರಾದರೂ 40 ಕೆ.ಜಿ. ಎಳೆಯುವ ಮೋಟಾರ್ ಹಾಕಿದೆ ಅಂತ ಕೊಚ್ಚಿಕೊಂಡರೆ, ಅವರು ಅದನ್ನು ಎಷ್ಟು ಪರ್ಸೆಂಟಿಗೆ ಇಳಿಸಿ ಓಡಿಸುತ್ತಿದ್ದಾರೆ ಅಂತ ಕೇಳಿ.

ಟಾರ್ಕ್, ಅಂದರೆ ತಿರುಗಿಸುವ ಬಲ. ಅದರ ಲೆಕ್ಕ ಬಾವಿ ರಾಟೆಯ ಲೆಕ್ಕವೇ. ರಾಟೆಯ ನಡುವಿನಿಂದ ಅಂಚಿಗೆ 2 ಸೆಂ.ಮೀ. ಇದ್ದು, ಹಗ್ಗದಲ್ಲಿ 10 ಕೆ.ಜಿ. ಬೇಕಾದರೆ 20 ಕೆ.ಜಿ.-ಸೆಂ.ಮೀ. ಟಾರ್ಕ್ ಬೇಕು. ಅಂದರೆ ಸುಮಾರು 2 ನ್ಯೂಟನ್ ಮೀಟರ್. ಬೆಲ್ಟನ್ನು ಮೊದಲೇ ಬಿಗಿಯಾಗಿ ಕಟ್ಟಿಕೊಂಡಿದ್ದರೆ 4ರಿಂದ 6 ಸೆಂ.ಮೀ. ಓಟ ಸಾಕು. ಆ 4 ಸೆಂ.ಮೀ. ಅನ್ನು 0.15 ಸೆಕೆಂಡಿನೊಳಗೆ ಮುಗಿಸಿದರೆ ಬ್ರೇಕಿನ ಜೊತೆಜೊತೆಗೇ ಬಂದಂತೆ ಅನ್ನಿಸುತ್ತದೆ. ಸೆಕೆಂಡಿಗೆ 30 ಸೆಂ.ಮೀ. ವೇಗದಲ್ಲಿ 10 ಕೆ.ಜಿ. ಎಳೆಯಲು ಬೇಕಾದ ಶಕ್ತಿ ಬರೀ 30 ವ್ಯಾಟ್. ನಮ್ಮ ಮನೆಯ ಫ್ಯಾನ್ ಕೂಡ ಇದಕ್ಕಿಂತ ಜಾಸ್ತಿ ಕುಡಿಯುತ್ತದೆ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮುಂದಿನದ್ದನ್ನು ಓದಿ.

ಬಿಡುವುದು ಯಾಕೆ ದೊಡ್ಡ ವಿಷಯ

ಎರಡು ಕಾರಣ. ಮೊದಲನೆಯದು ಓಡಿಸುವುದಕ್ಕೆ ಸಂಬಂಧಿಸಿದ್ದು. ಬ್ರೇಕ್ ಒತ್ತಿದ್ದು ನಮಗೆ ಗೊತ್ತೇ ಇರುತ್ತದೆ, ಕಾಲೇ ಹೇಳುತ್ತದೆ. ತಿರುವಿನೊಳಗೆ ಹೋಗುತ್ತಾ ಬ್ರೇಕನ್ನು ಮೆಲ್ಲಗೆ ಬಿಡುತ್ತೇವಲ್ಲ, ಟ್ರೇಲ್ ಬ್ರೇಕಿಂಗ್ ಅನ್ನುತ್ತಾರಲ್ಲ, ಅಲ್ಲಿ ಕಾರಿನ ವೇಗ ಎಷ್ಟು ಬೇಗ ಕಡಿಮೆಯಾಗುತ್ತಿದೆ ಅಂತ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಬೆಲ್ಟ್ ಸಡಿಲವಾಗುವ ಹದದಲ್ಲಿ ಅದು ಗೊತ್ತಾಗುತ್ತದೆ. ಇಡೀ ಟೆನ್ಷನರ್‌ನಿಂದ ನನಗೆ ಸಿಕ್ಕ ಲಾಭ ಇಷ್ಟೇ. ಮೋಟಾರ್ ಝಟ್ ಅಂತ ಎಳೆದು, ಬಿಡುವಾಗ ಮೆಟ್ಟಿಲು ಇಳಿದಂತೆ ಕಟಕಟ ಬಿಟ್ಟರೆ ಆ ಲಾಭ ಹೋಯಿತು.

ಎರಡನೆಯದು ಸುರಕ್ಷತೆ. ಎದೆಗೆ ಕಟ್ಟಿದ ಯಂತ್ರ ಇದು. ಕರೆಂಟ್ ಹೋದಾಗ, ಯುಎಸ್‌ಬಿ ಕಿತ್ತು ಬಂದಾಗ, ಆಟ ಹ್ಯಾಂಗ್ ಆದಾಗ ಬೆಲ್ಟ್ ತಾನಾಗಿಯೇ ಸಡಿಲ ಆಗಬೇಕು. ಇದರಲ್ಲಿ ಚೌಕಾಶಿ ಇಲ್ಲ.

ಆರ್‌ಸಿ ಸರ್ವೋ

ರೇಡಿಯೋ ಕಂಟ್ರೋಲ್ ಕಾರಿಗೆ, ರೋಬೋಟ್ ಕೈಗೆ ಹಾಕುವ ಸರ್ವೋ, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಗೇರ್ ಮೋಟಾರ್. ಬಹಳ ಜನ ಇಲ್ಲಿಂದಲೇ ಶುರು ಮಾಡುತ್ತಾರೆ, ಮಾಡಲಿ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಸರ್ವೋ ಅಂದರೆ ಮೊದಲು ಕೈಗೆ ಬರುವುದು ಎಂಜಿ996ಆರ್. ಅದರ ಟಾರ್ಕ್ 6 ವೋಲ್ಟಿಗೆ ಸುಮಾರು 11 ಕೆ.ಜಿ.-ಸೆಂ.ಮೀ. ನಮ್ಮ ಕೆಲಸಕ್ಕೆ ಸಾಲದು, ಅಲ್ಲೇ ಬಿಟ್ಟು ಬನ್ನಿ. 25 ಕೆ.ಜಿ. (ಕೆ.ಜಿ.-ಸೆಂ.ಮೀ. ಅನ್ನು ಚಿಕ್ಕದಾಗಿ ಹೀಗೆ ಅನ್ನುತ್ತಾರೆ) ಸರ್ವೋ ಕೂಡ ಅಂಚಿನಲ್ಲಿ ನಿಲ್ಲುತ್ತದೆ. 60 ಕೆ.ಜಿ. ಅಂತ ಬರೆದದ್ದು ತಗೊಳ್ಳಿ.

ಆ ಬರೆದ ಅಂಕಿಯ ಬಗ್ಗೆ ಒಂದು ಮಾತು. ಅದು ಸ್ಟಾಲ್ ಟಾರ್ಕ್. ಅಂದರೆ ಮೋಟಾರ್ ತಿಣುಕಿ ತಿಣುಕಿ ನಿಂತೇ ಹೋಗುವಾಗಿನ ಲೆಕ್ಕ. ಕೆಲಸಕ್ಕೆ ಸಿಗುವುದು ಅದರಲ್ಲಿ ಮೂರನೇ ಒಂದು ಪಾಲು, ಸ್ವಲ್ಪ ಹೊತ್ತಿಗೆ ಅರ್ಧ. 60 ಕೆ.ಜಿ. ಸರ್ವೋಗೆ 4 ಸೆಂ.ಮೀ. ಉದ್ದದ ಕೈ, ಅಂದರೆ ಶಾಫ್ಟಿಗೆ ಕೂರಿಸಿ ಹಗ್ಗ ಕಟ್ಟುವ ಪಟ್ಟಿ, ಹಾಕಿದರೆ ಸ್ಟಾಲ್‌ನಲ್ಲಿ 15 ಕೆ.ಜಿ., ಆರಾಮಾಗಿ 5ರಿಂದ 7 ಕೆ.ಜಿ. ಬ್ರೇಕ್ ಹಿಡಿಯುವುದು ಮೂರು ನಾಲ್ಕು ಸೆಕೆಂಡ್ ಅಷ್ಟೇ ಆದ್ದರಿಂದ ನಡೆಯುತ್ತದೆ. ವೇಗವೂ ಸಾಕು. 60 ಡಿಗ್ರಿ ತಿರುಗಲು 0.15 ಸೆಕೆಂಡ್ ತೆಗೆದುಕೊಳ್ಳುವ ಸರ್ವೋ 4 ಸೆಂ.ಮೀ. ಕೈಯಲ್ಲಿ ಸರಿಯಾಗಿ 4 ಸೆಂ.ಮೀ. ಎಳೆಯುತ್ತದೆ.

ಕೈ ಕೂರಿಸುವ ಕೋನ ನೋಡಿಕೊಳ್ಳಿ. ಹಗ್ಗಕ್ಕೂ ಕೈಗೂ ನಡುವೆ 90 ಡಿಗ್ರಿ ಇರುವ ಜಾಗ ಓಟದ ಮಧ್ಯಕ್ಕೆ ಬರಬೇಕು. ಕೈ ಹಗ್ಗದ ನೇರಕ್ಕೆ ಬಂದಷ್ಟೂ ಎಳೆತ ಕಡಿಮೆ ದೂರದಲ್ಲಿ ಜಾಸ್ತಿ ಬಲವಾಗಿ ಬರುತ್ತದೆ, ಪೂರ್ತಿ ನೇರ ಆಯಿತೋ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಪವರ್ ಬೇರೆಯೇ ಕೊಡಬೇಕು. ಸರ್ವೋಗೆ ಸಿಗ್ನಲ್ ಕೊಡುವ ಸಣ್ಣ ಕಂಟ್ರೋಲರ್ ಬೋರ್ಡ್ ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದ ಇಷ್ಟು ದೊಡ್ಡ ಸರ್ವೋ ಓಡಿಸಲು ಹೋದರೆ ಬೋರ್ಡ್ ಪದೇಪದೇ ರೀಸೆಟ್ ಆಗುತ್ತದೆ. 7.4 ಅಥವಾ 8.4 ವೋಲ್ಟಿನ, ಒಂದು ಸರ್ವೋಗೆ ಐದಾರು ಆಂಪಿಯರ್ ಕೊಡಬಲ್ಲ ಸಪ್ಲೈ ಹಾಕಿ. ಗ್ರೌಂಡ್ ಮಾತ್ರ ಎರಡಕ್ಕೂ ಒಂದೇ ಇರಲಿ. ಗ್ರೌಂಡ್ ಕೂಡಿಸುವುದನ್ನು ಮರೆತು ಸರ್ವೋ ಕೆಟ್ಟಿದೆ ಅಂತ ವಾಪಸ್ ಕೊಡಲು ಹೋದವರಲ್ಲಿ ನಾನೂ ಒಬ್ಬ.

ಇನ್ನು ಬಿಡುವ ವಿಷಯ. ಆರ್‌ಸಿ ಸರ್ವೋಗೆ ಬಲ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಜಾಗ. 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್ ಬರುತ್ತದೆ, 1000ದಿಂದ 2000 ಮೈಕ್ರೋಸೆಕೆಂಡ್ ಉದ್ದದ್ದು. ಆ ಉದ್ದ ಹೇಳಿದ ಜಾಗಕ್ಕೆ ಅದು ಹೋಗಿ ನಿಲ್ಲುತ್ತದೆ. ನೀವು ಉಸಿರು ಎಳೆದುಕೊಂಡರೆ ಬೆಲ್ಟ್ ಬಿಗಿಯಾಗುತ್ತದೆ, ಸೀಟಿನಲ್ಲಿ ಜಾರಿ ಕೂತರೆ ಸಡಿಲವಾಗುತ್ತದೆ. ನಿನ್ನೆ ಚೆನ್ನಾಗಿದ್ದ ಸೆಟ್ಟಿಂಗ್ ಇವತ್ತು ದಪ್ಪ ಸ್ವೆಟರ್ ಹಾಕಿಕೊಂಡರೆ ಬೇರೆಯೇ. ಹಗ್ಗದ ಮಧ್ಯೆ ಒಂದು ಗಟ್ಟಿ ಸ್ಪ್ರಿಂಗ್ ಹಾಕಿದರೆ ಇದು ಅರ್ಧದಷ್ಟು ಸರಿಹೋಗುತ್ತದೆ. ಆಗ ಜಾಗದ ವ್ಯತ್ಯಾಸವೇ ಬಲದ ವ್ಯತ್ಯಾಸ ಆಗುತ್ತದೆ. ಅಗ್ಗದ ಉಪಾಯ, ಒಳ್ಳೆಯ ಉಪಾಯ.

ಸಿಗ್ನಲ್ ನಿಂತರೆ ಏನಾಗುತ್ತದೆ ಅನ್ನುವುದು ಸರ್ವೋದಿಂದ ಸರ್ವೋಗೆ ಬೇರೆ. ಅನಲಾಗ್ ಸರ್ವೋ ಸುಮ್ನೆ ಕೈಚೆಲ್ಲುತ್ತದೆ. ಡಿಜಿಟಲ್ ಸರ್ವೋಗಳು ಬಹಳಷ್ಟು ಸಲ ಕೊನೆಯ ಜಾಗವನ್ನೇ ಹಿಡಿದು ನಿಲ್ಲುತ್ತವೆ. ನಾವು ಹಾಕುವ 60 ಕೆ.ಜಿ. ಸರ್ವೋಗಳೆಲ್ಲ ಸಾಮಾನ್ಯವಾಗಿ ಡಿಜಿಟಲ್. ಹಾಗಾಗಿ ಪಿಸಿಯಿಂದ 200 ಮಿಲಿಸೆಕೆಂಡ್ ಡೇಟಾ ಬರದಿದ್ದರೆ ಸಡಿಲದ ಜಾಗಕ್ಕೆ ಹೋಗು ಅಂತ ಆರ್ಡುಯಿನೋ ಕೋಡಿನಲ್ಲೇ ಬರೆಯಬೇಕು. ಇನ್ನೊಂದು ಕಿತಾಪತಿ ಇದೆ. ಆರ್ಡುಯಿನೋದ ಸರ್ವೋ ಲೈಬ್ರರಿ ಬೇರೆ ಏನೂ ಹೇಳದಿದ್ದರೆ, ಶುರುವಾದ ಕೂಡಲೇ 1500 ಮೈಕ್ರೋಸೆಕೆಂಡಿಗೆ, ಅಂದರೆ ನಡುಮಧ್ಯಕ್ಕೆ ಹೋಗುತ್ತದೆ. ನಿಮ್ಮ ನಡುಮಧ್ಯ ಅಂದರೆ ಅರ್ಧ ಬಿಗಿ ಆಗಿದ್ದರೆ, ಆನ್ ಮಾಡಿದ ತಕ್ಷಣ ಎದೆಗೆ ಒಂದು ಗುದ್ದು ಗ್ಯಾರಂಟಿ. ಬೆಲ್ಟ್ ಹಾಕಿಕೊಳ್ಳುವ ಮೊದಲು ಆನ್ ಮಾಡಿ.

ಪವರ್ ಪೂರ್ತಿ ಹೋದರೆ ಗೇರುಗಳು ಸ್ವಲ್ಪ ತಡೆದರೂ ಬೆಲ್ಟಿನ ಎಳೆತಕ್ಕೆ ಹಿಂದಕ್ಕೆ ತಿರುಗುತ್ತವೆ. ಇದು ಇದರ ದೊಡ್ಡ ಗುಣ. ಗೇರಿನ ಹಲ್ಲು ಕಿತ್ತು ಹೋಗುವುದು ದೊಡ್ಡ ದೋಷ. ಒಂದು ವರ್ಷದಲ್ಲಿ ನಾನು ಎರಡು ಸರ್ವೋ ಬದಲಾಯಿಸಿದೆ. ಶಬ್ದವೂ ಇದೆ, ಕಿವಿಯ ಹಿಂದೆಯೇ ಸೊಳ್ಳೆ ಗುಂಯ್‌ಗುಟ್ಟಿದಂತೆ. ಹೆಡ್‌ಫೋನ್ ಹಾಕುವವರಿಗೆ ತೊಂದರೆ ಇಲ್ಲ.

ವೈಪರ್ ಮೋಟಾರ್

ಜೆ.ಸಿ. ರಸ್ತೆಯ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಕಾರಿನ ವೈಪರ್ ಮೋಟಾರ್. ಜೊತೆಗೆ ಮೋಟಾರಿಗೆ ಕರೆಂಟ್ ಕೊಡುವ ಬಿಟಿಎಸ್7960 ಡ್ರೈವರ್ ಬೋರ್ಡ್, ಜಾಗ ತಿಳಿಯಲು 10 ಕಿಲೋ ಓಮ್‌ನ ಒಂದು ಪೊಟೆನ್ಷಿಯೋಮೀಟರ್, ಒಂದು ಆರ್ಡುಯಿನೋ. ಸೀಟನ್ನೇ ಅಲುಗಾಡಿಸುವ ಮೋಷನ್ ರಿಗ್ ಕಟ್ಟುವವರು ಬಹಳ ವರ್ಷ ಬಳಸಿದ ಎಸ್‌ಎಂಸಿ3 ಅನ್ನುವ ಕೋಡ್ ಹಾಗೇ ಇದಕ್ಕೂ ಆಗುತ್ತದೆ. ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗ. ಬಲವೂ ಬೇಕಾದಷ್ಟು. ನನ್ನ ಮೊದಲ ಟೆನ್ಷನರ್ ಇದರದ್ದೇ.

ನಿಮಿಷಕ್ಕೆ 60 ಸುತ್ತು ಅಂದುಕೊಂಡರೆ 2 ಸೆಂ.ಮೀ. ರಾಟೆಯಲ್ಲಿ ಸೆಕೆಂಡಿಗೆ 12-13 ಸೆಂ.ಮೀ. ಮಾತ್ರ ಎಳೆಯುತ್ತದೆ. ತಡ. ರಾಟೆಯನ್ನು 4 ಸೆಂ.ಮೀ.ಗೆ ಏರಿಸಿ ಈ ತೊಂದರೆ ದಾಟಬಹುದು, ಟಾರ್ಕ್ ಇದ್ದೇ ಇದೆ. ನಾನು ಹಾಗೇ ಮಾಡಿದೆ. ಖುಷಿಯಾಗಿ ಎರಡು ವಾರ ಓಡಿಸಿದೆ.

ಆಮೇಲೆ ಒಂದು ರಾತ್ರಿ ಆಟದಲ್ಲಿ ಮೋನ್ಝಾ ಟ್ರ್ಯಾಕು, ಜಿಟಿ3 ರೇಸ್ ಕಾರು. ಉದ್ದನೆಯ ನೇರ ರಸ್ತೆ ಮುಗಿದು ಮೊದಲ ಶಿಕೇನ್‌ಗೆ (ವೇಗ ತಗ್ಗಿಸುವ ಅಂಕುಡೊಂಕು ತಿರುವು) ಪೂರ್ತಿ ಬ್ರೇಕ್. ಬೆಲ್ಟ್ ಎದೆಯನ್ನು ಸೀಟಿಗೆ ಒತ್ತಿ ಹಿಡಿಯಿತು. ಅದೇ ಗಳಿಗೆಗೆ ಕರೆಂಟ್ ಹೋಯಿತು. ಸ್ಕ್ರೀನ್ ಆರಿತು, ವೀಲ್ ಸತ್ತಿತು, ಫ್ಯಾನ್ ನಿಂತಿತು. ಬೆಲ್ಟ್ ಮಾತ್ರ ಹಿಡಿದದ್ದನ್ನು ಬಿಡಲಿಲ್ಲ. ವೈಪರ್ ಮೋಟಾರಿನೊಳಗೆ ಇರುವುದು ವರ್ಮ್ ಗೇರ್. ಮೋಟಾರ್ ಗೇರನ್ನು ತಿರುಗಿಸಬಲ್ಲದು, ಗೇರು ಮೋಟಾರನ್ನು ತಿರುಗಿಸಲಾರದು. ಗಾಳಿಗೆ ವೈಪರ್ ಕಡ್ಡಿ ಅಲುಗಾಡಬಾರದು ಅಂತಲ್ಲವೇ ಅದನ್ನು ಮಾಡಿರುವುದು. ಪವರ್ ಹೋದಾಗ ಎಲ್ಲಿತ್ತೋ ಅಲ್ಲೇ ಕಲ್ಲಿನಂತೆ ನಿಂತಿತು. ಬಕಲ್ ಮೇಲೆ ಅಷ್ಟು ಬಿಗಿ ಇರುವಾಗ ಅದನ್ನು ತಿರುಗಿಸುವುದೂ ಸುಲಭವಲ್ಲ, ಅದರಲ್ಲೂ ಕತ್ತಲಲ್ಲಿ. ನನ್ನ ತಂಗಿ ಮೊಬೈಲ್ ಟಾರ್ಚ್ ಹಿಡಿದುಕೊಂಡು ಬಂದಳು. ಒಂದು ಗಳಿಗೆ ನೋಡಿದಳು.

"ಅಲ್ಲ ಅಣ್ಣ, ಬೇರೆ ಯಾರಾದರೂ ಕಟ್ಟಿ ಹಾಕಿದರೆ ಕೂಗಬಹುದು. ನೀನೇ ಕಟ್ಟಿಕೊಂಡರೆ ಏನು ಮಾಡೋದು?"

ಮರುದಿನವೇ ಅದನ್ನು ಬಿಚ್ಚಿದೆ. ಬ್ಯಾಟರಿ ಬ್ಯಾಕಪ್ ಹಾಕಿ, ಹಗ್ಗಕ್ಕೆ ಕಳಚಿಕೊಳ್ಳುವ ಕೊಕ್ಕೆ ಹಾಕಿ ಇದನ್ನು ಸುರಕ್ಷಿತ ಮಾಡಬಹುದು ಅನ್ನುವವರಿದ್ದಾರೆ. ಮಾಡಬಹುದು. ಅಷ್ಟು ಮಾಡುವ ಖರ್ಚಿನಲ್ಲಿ ಬೇರೆ ಮೋಟಾರೇ ಬರುತ್ತದೆ. ವರ್ಮ್ ಗೇರ್ ಇರುವ ಯಾವುದನ್ನೂ, ಪವರ್ ವಿಂಡೋ ಮೋಟಾರನ್ನೂ ಸೇರಿಸಿ, ನಾನು ಎದೆಗೆ ಕಟ್ಟಲು ಹೇಳುವುದಿಲ್ಲ.

ಹೋವರ್‌ಬೋರ್ಡ್ ಮೋಟಾರ್

ಮಕ್ಕಳು ನಿಂತುಕೊಂಡು ಓಡಿಸುವ ಹೋವರ್‌ಬೋರ್ಡಿನ ಚಕ್ರದೊಳಗಿನ ಮೋಟಾರ್. ಕೆಟ್ಟ ಬೋರ್ಡ್ ಒಂದು ಸಿಕ್ಕಿದರೆ ಎರಡು ಮೋಟಾರ್ ಸಿಕ್ಕಂತೆ. ಹಾಳಾಗುವುದು ಸಾಮಾನ್ಯವಾಗಿ ಬ್ಯಾಟರಿ, ಮೋಟಾರಲ್ಲ. ಟೈರ್ ಕಿತ್ತು ಹಾಕಿ, ಲೇತ್‌ನಲ್ಲಿ ಒಂದು ರಾಟೆ ಮಾಡಿಸಿ ಕೂರಿಸಬೇಕು. ಓಡಿಸಲು ಓಡ್ರೈವ್ ಅಥವಾ ಅದೇ ಥರದ ಮೋಟಾರ್ ಕಂಟ್ರೋಲರ್ ಬೋರ್ಡ್ ಬೇಕು. ಇಲ್ಲಿ ದುಡ್ಡು ಹೋಗುವುದು ಮೋಟಾರಿಗಲ್ಲ, ಬೋರ್ಡಿಗೆ.

ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಮುಚ್ಚಿಡುವುದಿಲ್ಲ. ಕಾರಣ, ಗೇರೇ ಇಲ್ಲ. ಬೋರ್ಡಿಗೆ ಜಾಗ ಹೇಳುವ ಬದಲು ಟಾರ್ಕ್ ಹೇಳಬಹುದು. ಇಷ್ಟು ಬಲದಿಂದ ಎಳೆದುಕೊಂಡಿರು ಅಂದರೆ ಸಾಕು, ನೀವು ಉಸಿರಾಡಿದರೂ, ಜಾರಿ ಕೂತರೂ, ಸ್ವೆಟರ್ ಹಾಕಿದರೂ ಬೆಲ್ಟ್ ನಿಮ್ಮ ಜೊತೆಗೇ ಬರುತ್ತದೆ. ಬಿಡುವಾಗ ಬೆಣ್ಣೆಯಂತೆ ಬಿಡುತ್ತದೆ. ಕರೆಂಟ್ ಹೋದರೆ ಚಕ್ರ ತನ್ನಷ್ಟಕ್ಕೆ ತಾನು ಹಿಂದಕ್ಕೆ ಉರುಳುತ್ತದೆ.

ಲೆಕ್ಕವೂ ಚೆನ್ನಾಗಿ ಕೂರುತ್ತದೆ. ಓಡ್ರೈವ್‌ನವರ ಹೋವರ್‌ಬೋರ್ಡ್ ಮಾರ್ಗದರ್ಶಿಯಲ್ಲಿ ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು) 16 ಅಂತ ಹಿಡಿದಿದ್ದಾರೆ. 8.27 ಅನ್ನುವ ಸ್ಥಿರ ಸಂಖ್ಯೆಯನ್ನು ಅದರಿಂದ ಭಾಗಿಸಿದರೆ ಒಂದು ಆಂಪಿಯರ್‌ಗೆ ಸುಮಾರು 0.52 ನ್ಯೂಟನ್ ಮೀಟರ್. 3 ಸೆಂ.ಮೀ. ರಾಟೆಯಲ್ಲಿ 10 ಕೆ.ಜಿ. ಬೇಕೆಂದರೆ 3 ನ್ಯೂಟನ್ ಮೀಟರ್‌ಗಿಂತ ಸ್ವಲ್ಪ ಕಡಿಮೆ, ಅಂದರೆ 6 ಆಂಪಿಯರ್ ಒಳಗೆ.

ತೊಂದರೆಗಳಿಲ್ಲ ಅಂತಲ್ಲ. ಚಕ್ರ ಎಲ್ಲಿದೆ ಅಂತ ಆಯಸ್ಕಾಂತದಿಂದ ತಿಳಿಯುವ ಒಳಗಿನ ಹಾಲ್ ಸೆನ್ಸರ್ ಒಂದು ಸುತ್ತಿಗೆ ಬರೀ 90 ಹೆಜ್ಜೆ ಎಣಿಸುತ್ತದೆ, ಒಂದು ಹೆಜ್ಜೆ 4 ಡಿಗ್ರಿ. ಟಾರ್ಕ್ ಕೊಡಲು ಅಷ್ಟು ಸಾಕು, ಜಾಗ ಹಿಡಿಯಲು ಸಾಲದು. ಬಲ ಕಡಿಮೆ ಇರುವಾಗ ಆಯಸ್ಕಾಂತದ ಗಡುಗುಡು ಸ್ವಲ್ಪ ಹೆಗಲಿಗೆ ಗೊತ್ತಾಗುತ್ತದೆ. ನೀವು ಮುಂದಕ್ಕೆ ಬಾಗಿದಾಗ ಮೋಟಾರ್ ಡೈನಮೋ ಆಗಿ ಕರೆಂಟನ್ನು ವಾಪಸ್ ದೂಡುತ್ತದೆ. ಅದನ್ನು ಸುಡಲು ಬ್ರೇಕ್ ರೆಸಿಸ್ಟರ್ ಹಾಕದಿದ್ದರೆ ಪವರ್ ಸಪ್ಲೈ ಮುನಿಸಿಕೊಂಡು ಟ್ರಿಪ್ ಆಗುತ್ತದೆ. ಆಮೇಲೆ ಕ್ಯಾಲಿಬ್ರೇಷನ್. ಅದರ ಫಲಿತಾಂಶವನ್ನು ಬೋರ್ಡಿನಲ್ಲಿ ಸೇವ್ ಮಾಡದಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು, ಆಗ ಮೋಟಾರ್ ತಾನಾಗಿಯೇ ಅತ್ತಿತ್ತ ತಿರುಗಿ ನೋಡಿಕೊಳ್ಳುತ್ತದೆ. ಬೆಲ್ಟ್ ಹಾಕಿಕೊಂಡು ಕೂತಾಗ ಇದು ಆಗಬಾರದು.

ಕೋಡ್, ಕಾನ್ಫಿಗರೇಷನ್ ಅಂದರೆ ತಲೆನೋವು ಅನ್ನುವವರಿಗೆ ಇದು ಬೇಡ. ಎರಡು ವಾರಾಂತ್ಯ ನುಂಗುತ್ತದೆ.

ಕೈಗಾರಿಕಾ ಎಸಿ ಸರ್ವೋ

ಸಿಎನ್‌ಸಿ ಯಂತ್ರಗಳಲ್ಲಿ ಇರುವಂಥದ್ದು. ಮೋಷನ್ ರಿಗ್ ಕಟ್ಟುವವರಿಗೆ ಪರಿಚಯ ಇದ್ದೇ ಇರುತ್ತದೆ. ಎಸ್‌ಎಫ್‌ಎಕ್ಸ್-100 ಅನ್ನುವ ಮೋಷನ್ ರಿಗ್ ಕಟ್ಟಿದವರ ಮನೆಯಲ್ಲಿ 80 ಮಿ.ಮೀ. ಚೌಕದ, 750 ವ್ಯಾಟಿನ ಮೋಟಾರುಗಳು ನಾಲ್ಕು ಇರುತ್ತವೆ. ಅದನ್ನೇ ಬೆಲ್ಟಿಗೂ ಹಾಕೋಣ ಅಂತ ಆಸೆ ಆಗುತ್ತದೆ. ತಡೆಯಿರಿ. 750 ವ್ಯಾಟ್ ಸರ್ವೋದ ಗರಿಷ್ಠ ಟಾರ್ಕ್ 7 ನ್ಯೂಟನ್ ಮೀಟರ್ ಸುತ್ತಮುತ್ತ. 2 ಸೆಂ.ಮೀ. ರಾಟೆಯಲ್ಲಿ ಅದು 35 ಕೆ.ಜಿ. ಕೋಡಿನಲ್ಲಿ ಒಂದು ಸೊನ್ನೆ ತಪ್ಪಿದರೆ ಪಕ್ಕೆಲುಬಿಗೆ ಬಂತು.

400 ವ್ಯಾಟಿನದ್ದು ಹೇಳಿ ಮಾಡಿಸಿದಂತಿದೆ. ಸದಾ ಕೊಡುವ ಟಾರ್ಕ್ 1.27 ನ್ಯೂಟನ್ ಮೀಟರ್, ಸ್ವಲ್ಪ ಹೊತ್ತಿಗೆ ಅದರ ಮೂರು ಪಟ್ಟು. 2 ಸೆಂ.ಮೀ. ರಾಟೆಯಲ್ಲಿ ಸದಾ 6.5 ಕೆ.ಜಿ., ಗರಿಷ್ಠ 19. ಗೇರ್‌ಬಾಕ್ಸೇ ಬೇಡ. ಈ ಮೋಟಾರನ್ನು ಓಡಿಸುವ ಪೆಟ್ಟಿಗೆಗೆ ಡ್ರೈವ್ ಅನ್ನುತ್ತಾರೆ. ಡ್ರೈವ್‌ನಲ್ಲಿ ಟಾರ್ಕ್ ಮೋಡ್ ಇರುತ್ತದೆ, ಗರಿಷ್ಠ ಟಾರ್ಕ್ ಇಷ್ಟೇ ಅಂತ ಮಿತಿ ಹಾಕುವ ಪ್ಯಾರಾಮೀಟರ್ ಇರುತ್ತದೆ. ಆ ಮಿತಿಯನ್ನು ಡ್ರೈವ್‌ನಲ್ಲೇ ಹಾಕಿ, ಕೋಡನ್ನು ನಂಬಬೇಡಿ. ಹದಕ್ಕೆ, ಮೌನಕ್ಕೆ, ಬಾಳಿಕೆಗೆ ಇದರ ಸಮ ಇಲ್ಲ.

ಸೆಕೆಂಡ್ ಹ್ಯಾಂಡ್ ತರುವವರು ಒಂದನ್ನು ನೋಡಿಕೊಳ್ಳಿ. ಕೆಲವು ಮೋಟಾರಿನ ಹಿಂಭಾಗದಲ್ಲಿ ಬ್ರೇಕ್ ಇರುತ್ತದೆ, ಎರಡು ವೈರ್ ಜಾಸ್ತಿ ಬಂದಿರುತ್ತದೆ. ಯಂತ್ರದ ತಲೆ ಕೆಳಗೆ ಬೀಳಬಾರದು ಅಂತ ಮಾಡಿದ್ದು ಅದು. ಪವರ್ ಹೋದ ಕೂಡಲೇ ಶಾಫ್ಟನ್ನು ಕಚ್ಚಿ ಹಿಡಿಯುತ್ತದೆ. ನನ್ನ ವೈಪರ್ ಮೋಟಾರಿನ ಕಥೆಯೇ, ಹತ್ತು ಪಟ್ಟು ದುಡ್ಡು ಕೊಟ್ಟು. ಬ್ರೇಕ್ ಇಲ್ಲದ್ದನ್ನೇ ತಗೊಳ್ಳಿ.

ಮನೆಯ ವೈರಿಂಗ್ ಕೂಡ ಲೆಕ್ಕಕ್ಕೆ ಬರುತ್ತದೆ. ಡ್ರೈವ್ ನೇರ 230 ವೋಲ್ಟಿನದ್ದು. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ರಿಗ್ ಮುಟ್ಟಿದರೆ ಜುಮ್ ಅನ್ನುತ್ತದೆ, ಆಟವಾಡುವ ವಿಷಯ ಅಲ್ಲ. ಡ್ರೈವ್‌ನ ಫಿಲ್ಟರ್‌ಗಳ ಸೋರಿಕೆಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುವುದುಂಟು. ವಿದ್ಯುತ್ ಗದ್ದಲಕ್ಕೆ ಯುಎಸ್‌ಬಿ ಪೆಡಲ್ ಕಾಣೆಯಾಗುವುದುಂಟು, ಸರಿಯಾಗಿ ಬ್ರೇಕ್ ಒತ್ತುವ ಹೊತ್ತಿಗೇ. ಶೀಲ್ಡ್ ಇರುವ ಕೇಬಲ್, ಗದ್ದಲ ನುಂಗುವ ಫೆರೈಟ್ ಉಂಗುರ, ಒಂದೇ ಕಡೆ ಅರ್ತ್. ಎಲೆಕ್ಟ್ರಿಷಿಯನ್ ಕರೆಸಿ.

36 ವೋಲ್ಟಿನ, ಡ್ರೈವ್ ಮೈಯಲ್ಲೇ ಇರುವ ಸರ್ವೋಗಳೂ ಇವೆ. ಮನೆಯಲ್ಲಿ ಆಕ್ಟಿವ್ ಪೆಡಲ್ (ಮೋಟಾರಿನಿಂದ ಕಾಲಿಗೆ ಒತ್ತಡ ಕೊಡುವ ಪೆಡಲ್) ಕಟ್ಟುವವರು ಬಳಸುವ ಐಎಸ್‌ವಿ57ಟಿ ಅಂಥದ್ದು. 180 ವ್ಯಾಟಿನದ್ದು 0.6 ನ್ಯೂಟನ್ ಮೀಟರ್ ಸುಮಾರು ಕೊಡುತ್ತದೆ, 1:5 ಟೈಮಿಂಗ್ ಬೆಲ್ಟ್ ಇಳಿಕೆ ಹಾಕಿದರೆ ಸಾಕಾಗುತ್ತದೆ. 230 ವೋಲ್ಟಿನ ಭಯ ಇರುವವರಿಗೆ ಒಳ್ಳೆಯ ನಡುದಾರಿ. ಆದರೆ ಸ್ಟೆಪ್ ಮತ್ತು ಡೈರೆಕ್ಷನ್ (ಎಷ್ಟು ಹೆಜ್ಜೆ, ಯಾವ ಕಡೆ) ಸಿಗ್ನಲ್‌ನಲ್ಲಿ ಅದಕ್ಕೂ ಜಾಗದ ಭಾಷೆಯೇ ಅರ್ಥವಾಗುವುದು. ಬಲದ ಭಾಷೆ ಬೇಕಾದರೆ ಹಗ್ಗದಲ್ಲಿ ಲೋಡ್ ಸೆಲ್ ಕೂರಿಸಬೇಕು. ಅದನ್ನು ಓದಲು ಎಚ್‌ಎಕ್ಸ್711 ಚಿಪ್ ಹಾಕಬೇಡಿ. ಅದು ಸೆಕೆಂಡಿಗೆ 10 ಅಥವಾ 80 ಸಲ ಮಾತ್ರ ಓದುತ್ತದೆ, ಅಡುಗೆಮನೆ ತಕ್ಕಡಿಗೆ ಸರಿ.

ರೆಡಿಮೇಡ್ ಬೇಕೆನ್ನುವವರಿಗೆ ಪೋಲೆಂಡಿನ ಕ್ಯೂಬಿಕ್ ಸಿಸ್ಟಮ್‌ನ ಕ್ಯೂಎಸ್-ಬಿಟಿ1 ಥರದವು ಇವೆ. ತರಿಸಿಕೊಂಡರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಕಟ್ಟುವ ಖುಷಿ ಬೇಡ, ಓಡಿಸಿದರೆ ಸಾಕು ಅನ್ನುವವರಿಗೆ ಅದು ತಪ್ಪು ಆಯ್ಕೆ ಅಲ್ಲ.

ಒಂದು ಮೋಟಾರೋ ಎರಡೋ

ಒಂದು ಮೋಟಾರಿಗೆ ಎರಡೂ ಬೆಲ್ಟ್ ಕಟ್ಟಿದರೆ ಬ್ರೇಕ್ ಮಾತ್ರ ಗೊತ್ತಾಗುತ್ತದೆ. ಎರಡು ಹಾಕಿದರೆ ತಿರುವಿನಲ್ಲಿ ಒಂದು ಹೆಗಲಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಕೊಡಬಹುದು. ದುಡ್ಡು ಇಕ್ಕಟ್ಟಾಗಿದ್ದರೆ ಎರಡು ಕಳಪೆ ಮೋಟಾರಿಗಿಂತ ಒಂದು ಒಳ್ಳೆಯದು ಲೇಸು. ಒಂದೇ ಮೋಟಾರಿಗೆ ಕಟ್ಟುವಾಗ ಲೆಕ್ಕದಲ್ಲಿ ಬಲ ಎರಡು ಪಟ್ಟು ಆಗುವುದನ್ನು ಮರೆಯಬೇಡಿ.

ಹಗ್ಗದ ದಾರಿ

ಮೋಟಾರಿಗೆ ಇಷ್ಟು ಯೋಚನೆ ಮಾಡಿದವರು ಇಲ್ಲಿ ಎಡವುತ್ತಾರೆ. ಬೆಲ್ಟ್ ಸೀಟಿನ ತೂತಿನ ಅಂಚಿಗೆ ಉಜ್ಜಿಕೊಂಡು 90 ಡಿಗ್ರಿ ತಿರುಗಿ ಕೆಳಗೆ ಹೋದರೆ, ಘರ್ಷಣೆ 0.3 ಅಂತ ಹಿಡಿದರೂ ಮೋಟಾರಿನ 10 ಕೆ.ಜಿ.ಯಲ್ಲಿ ಹೆಗಲಿಗೆ ಬರುವುದು 6 ಚಿಲ್ಲರೆ. ಅದಕ್ಕಿಂತ ಕೆಟ್ಟದ್ದು, ಮೋಟಾರ್ ಬಿಟ್ಟರೂ ಬೆಲ್ಟ್ ಅಲ್ಲೇ ಕಚ್ಚಿಕೊಂಡಿರುತ್ತದೆ. ನೀವು ಕೊಟ್ಟ ದುಡ್ಡೆಲ್ಲ ಆ ಅಂಚಿನಲ್ಲಿ ಸವೆದು ಹೋಯಿತು. ಒಂದು ಪೈಪಿನೊಳಗೆ ಎರಡು 608 ಬೇರಿಂಗ್ ಕೂರಿಸಿ ರೋಲರ್ ಮಾಡಿ. ಸ್ಕೇಟಿಂಗ್ ಚಕ್ರದಲ್ಲಿರುವ ಬೇರಿಂಗೇ ಅದು, ಹೊರಗಿನ ಅಳತೆ 22 ಮಿ.ಮೀ.

ಬೆಲ್ಟನ್ನೇ ರಾಟೆಗೆ ಸುತ್ತಬೇಡಿ. ಒಂದೊಂದು ಸುತ್ತಿಗೂ ದಪ್ಪ ಏರಿ ಲೆಕ್ಕ ತಪ್ಪುತ್ತದೆ. ಬೆಲ್ಟಿನ ತುದಿಯಿಂದ ಮೋಟಾರ್ ತನಕ ಡೈನೀಮಾ ಅನ್ನುವ ಹಿಗ್ಗದ, ಗಟ್ಟಿ ನಾರಿನ ಹಗ್ಗ ಹಾಕಿ. ಸೈಕಲ್ ಬ್ರೇಕ್ ಕೇಬಲ್ ಕೂಡ ಆಗುತ್ತದೆ, ಆದರೆ ಬಾಗುವ ಜಾಗದಲ್ಲಿ ಒಂದೊಂದೇ ಎಳೆ ಬಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಕೈಯಾಡಿಸಿ ನೋಡಿ, ಚುಚ್ಚಿದರೆ ಬದಲಾಯಿಸಿ.

ಹಾರ್ನೆಸ್, ಅಂದರೆ ರೇಸ್ ಕಾರಿನ ಸೀಟ್ ಬೆಲ್ಟ್, ಐದು ಪಾಯಿಂಟಿನದ್ದೋ ಆರರದ್ದೋ ಇರಲಿ. ನಾಲ್ಕು ಪಾಯಿಂಟಿನದ್ದಾದರೆ ಹೆಗಲ ಬೆಲ್ಟ್ ಎಳೆದಾಗಲೆಲ್ಲ ಬಕಲ್ ಮೇಲಕ್ಕೆ ಬಂದು ಹೊಟ್ಟೆಗೆ ಒತ್ತುತ್ತದೆ. ತೊಡೆ ನಡುವಿನ ಪಟ್ಟಿ ಅದನ್ನು ಕೆಳಗೆ ಹಿಡಿಯುತ್ತದೆ. ರೇಸಿಗೆ ಅವಧಿ ಮುಗಿದ ಹಾರ್ನೆಸ್ ಸಿಕ್ಕರೆ ತಂದು ಹಾಕಿ, ನಮ್ಮ ಕೆಲಸಕ್ಕೆ ಅದರ ಬಟ್ಟೆ ಧಾರಾಳ ಗಟ್ಟಿ. ರಿಗ್‌ನಲ್ಲಿ ಸೀಟು ಅಲುಗಾಡುವುದಾದರೆ ಮೋಟಾರನ್ನೂ ಸೀಟಿನ ಜೊತೆಗೇ ಅಲುಗಾಡುವ ಚೌಕಟ್ಟಿಗೆ ಬಿಗಿಯಿರಿ.

ಆಟದಿಂದ ಬೆಲ್ಟಿಗೆ

ಸಿಮ್‌ಹಬ್‌ನಲ್ಲಿ (ಆಟದ ಡೇಟಾ ಓದಿ ಹೊರಗೆ ಕಳಿಸುವ ಸಾಫ್ಟ್‌ವೇರ್) ಕಸ್ಟಮ್ ಸೀರಿಯಲ್ ಡಿವೈಸ್ ಅಂತ ಇದೆ. ಅಲ್ಲಿಂದ ಮುಂದೆ ಹಿಂದೆಯ ಜಿ ಮತ್ತು ಅಡ್ಡ ಜಿ ಬೆಲೆಗಳನ್ನು ಆರ್ಡುಯಿನೋಗೆ ಕಳಿಸಬಹುದು. ನೇರ ಆಟದಿಂದಲೇ ಓದುವ ಕೋಡ್ ಬರೆಯುವುದಾದರೆ ಅಳತೆ ನೋಡಿಕೊಳ್ಳಿ. ಐರೇಸಿಂಗ್ ಆಟ ಕೊಡುವುದು ಮೀಟರ್ ಪರ್ ಸೆಕೆಂಡ್ ವರ್ಗದಲ್ಲಿ, ಅದರಲ್ಲಿ ಗುರುತ್ವವೂ ಸೇರಿರುತ್ತದೆ. ಅಸೆಟ್ಟೋ ಕೊರ್ಸಾ ಆಟ ಕೊಡುವುದು ಜಿ ಲೆಕ್ಕದಲ್ಲಿ. ಅಸೆಟ್ಟೋ ಕೊರ್ಸಾಗೆ ಬರೆದದ್ದನ್ನು ಐರೇಸಿಂಗ್‌ಗೆ ಹಾಗೇ ಹಾಕಿದರೆ ಬೆಲ್ಟ್ 9.8 ಪಟ್ಟು ಎಳೆಯಲು ಹೊರಡುತ್ತದೆ.

ಗೋಡೆಗೆ ಗುದ್ದಿದಾಗ, ಕಾರನ್ನು ಪಿಟ್‌ಗೆ ಎತ್ತಿ ಹಾಕಿದಾಗ ಡೇಟಾದಲ್ಲಿ ಹುಚ್ಚು ಅಂಕಿಗಳು ಬರುತ್ತವೆ. ಎಷ್ಟೇ ಬಂದರೂ ಇಷ್ಟೇ ಅಂತ ಕತ್ತರಿಸಿ. 30ರಿಂದ 50 ಮಿಲಿಸೆಕೆಂಡಿನ ಒಂದು ಫಿಲ್ಟರ್ ಹಾಕಿದರೆ ಟ್ರ್ಯಾಕ್ ಅಂಚಿನ ಕರ್ಬ್ ಮೇಲಿನ ನಡುಕ ಹೋಗುತ್ತದೆ. ಅದರಿಂದಾಚೆ ಹೋದರೆ ಬೆಲ್ಟ್ ನಿದ್ದೆಗಣ್ಣಲ್ಲಿ ಎದ್ದು ಬಂದಂತೆ ಇರುತ್ತದೆ.

ನಾನಾಗಿದ್ದರೆ

ಮೊದಲ ಸಲ ಕಟ್ಟುವವರಾದರೆ ಎರಡು 60 ಕೆ.ಜಿ. ಆರ್‌ಸಿ ಸರ್ವೋ, ಎರಡು ಸ್ಪ್ರಿಂಗ್. ಒಂದು ಭಾನುವಾರದ ಕೆಲಸ. ಇಷ್ಟವಾಗದಿದ್ದರೆ ಕಳೆದುಕೊಳ್ಳುವುದು ಕಡಿಮೆ. ಕೋಡ್ ಬರೆಯುವ ಕೈ ಇದ್ದು ಹಳೇ ಹೋವರ್‌ಬೋರ್ಡ್ ಸಿಕ್ಕಿದರೆ ಯೋಚನೆ ಮಾಡಬೇಡಿ, ಅದೇ. ಈಗ ನನ್ನ ಸೀಟಿನ ಹಿಂದೆ ಇರುವುದೂ ಅದೇ. ಮೋಷನ್ ರಿಗ್ ಈಗಾಗಲೇ ಇದ್ದು ಎಸಿ ಸರ್ವೋ ವೈರಿಂಗ್ ಕೈಗೆ ಪಳಗಿದ್ದರೆ 400 ವ್ಯಾಟಿನ ಎರಡು, ಬ್ರೇಕ್ ಇಲ್ಲದ್ದು.

ಯಾವುದೇ ಆಗಲಿ, ಹಗ್ಗ 6-7 ಸೆಂ.ಮೀ.ಗಿಂತ ಜಾಸ್ತಿ ಓಡದಂತೆ ಕಬ್ಬಿಣದ ಒಂದು ತಡೆ ಇರಬೇಕು. ಕೈಗೆ ಸಿಗುವಲ್ಲಿ ಮೋಟಾರ್ ಪವರ್ ಕಡಿಯುವ ಕೆಂಪು ಬಟನ್ ಇರಬೇಕು. ಬೆಲ್ಟನ್ನು ಮೈಗೆ ಹಾಕುವ ಮೊದಲು ಗ್ಯಾಸ್ ಸಿಲಿಂಡರ್ ತೂಗುವಂಥ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ, ಪೂರ್ತಿ ಎಳೆತ ಎಷ್ಟು ಕೆ.ಜಿ. ತೋರಿಸುತ್ತದೆ ನೋಡಿ ಬರೆದಿಟ್ಟುಕೊಳ್ಳಿ. ನನ್ನದು 9.

ಆಮೇಲೆ ಕೊನೆಯ ಪರೀಕ್ಷೆ. ನಮ್ಮ ಮನೆಯಲ್ಲಿ ಇದು ತಂಗಿಯ ಪಾಲಿನ ಕೆಲಸ. ನಾನು ಬೆಲ್ಟ್ ಹಾಕಿಕೊಂಡು, ಪೂರ್ತಿ ಬಿಗಿ ಬರುವಂತೆ ಮಾಡಿ ಕೂರುತ್ತೇನೆ. ಅವಳು ನನಗೆ ಹೇಳದೆ ಗೋಡೆಯ ಪ್ಲಗ್ ಕೀಳುತ್ತಾಳೆ. ಬೆಲ್ಟ್ ಸಡಿಲವಾಗಬೇಕು. ಆಗದಿದ್ದರೆ ಅವಳು ಬಿಚ್ಚಲು ಬರುವುದಿಲ್ಲ ಅಂತ ಮೊದಲೇ ಹೇಳಿದ್ದಾಳೆ.